ಒಂದು ಮಗ್ಗ, ಒಬ್ಬ ನೇಕಾರ

14 ಜೂನ್ 1999, ಸೋಮವಾರ

ಎಡಪ್ಪಾಡಿಯ ಜನಕ್ಕೆ ಒಂದು ಪ್ರಶ್ನೆಗೆ ಒಂದು ಉತ್ತರ ಕೊಡಲು ಬರುವುದಿಲ್ಲ. ‘ಈ ಮಗ್ಗದಲ್ಲಿ ನೇಯುವವರು ಯಾರು?’ ಎಂದು ಕೇಳಿದರೆ ಒಂದು ಹೆಸರು ಹೇಳಬೇಕೋ ಬೇಡವೋ? ‘ಪೆರುಮಾಳ್ ಮತ್ತು ಕಾಳಿಯಮ್ಮ’ ಅಂತೆ. ‘ಮುತ್ತುಸ್ವಾಮಿ ಮತ್ತು ಮನೆಯವರು’ ಅಂತೆ. ಮನೆಯವರು ಅಂದರೆ ಯಾರು ಸ್ವಾಮಿ? ಬೆಕ್ಕೂ ಸೇರಿತೇ? ನೇಕಾರರ ಸಂಘದವರು ಬರೆದು ಕೊಟ್ಟದ್ದನ್ನೆಲ್ಲ ನಮ್ಮ ಸೇಲಂ ಆಫೀಸಿನಲ್ಲಿ ಟೈಪ್ ಮಾಡಿ, ಇವತ್ತು ಮೊದಲ ಸಲ ಕಂಪ್ಯೂಟರಿನಲ್ಲಿ ಪರೀಕ್ಷೆಗೆ ಹಾಕಿದರೆ ಪುಟಗಟ್ಟಲೆ ತಪ್ಪು. ಎಲ್ಲವೂ ಇದೊಂದೇ ತಪ್ಪು.

ಈ ಡೈರಿಯಲ್ಲಿ ಕೂಗಾಡದೆ ಇನ್ನೆಲ್ಲಿ ಕೂಗಾಡಲಿ? ನಮ್ಮೂರು ಕಂಬೈನಲ್ಲೂರಿನ ಶಾಲೆಯಲ್ಲಿ ಕನ್ನಡ ಇರಲಿಲ್ಲ. ಅಪ್ಪ ಹಟ ಹಿಡಿದು ಸ್ಲೇಟಿನ ಮೇಲೆ ತಿದ್ದಿಸಿದ ಅಕ್ಷರ ಇದು. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಓದಲು ಬಾರದು, ಅದೊಂದು ಲಾಭ.

ಚೆನ್ನೈ ಕಂಪನಿಯವರು ಕಳಿಸಿರುವ ಸ್ಕೀಮಾ ಎಷ್ಟು ಚೊಕ್ಕವಾಗಿದೆ! ಮಗ್ಗ ಅಂದರೆ ಅದರಲ್ಲಿ ಏನೇನಿರಬೇಕು, ಯಾವುದು ಎಷ್ಟಿರಬೇಕು ಎಂದು ಎಕ್ಸ್‌ಎಂಎಲ್‌ನಲ್ಲಿ ಬರೆದಿಟ್ಟ ಕಟ್ಟಳೆ ಅದು. ಒಂದು ಮಗ್ಗಕ್ಕೆ ಒಂದು ಸಂಖ್ಯೆ, ಒಂದು ಊರು, ಒಬ್ಬ ನೇಕಾರ. ಅದನ್ನು ಅವರದೇ ಟೂಲಿಗೆ ಕೊಟ್ಟರೆ ಸಾಕು, ಮಗ್ಗಕ್ಕೊಂದು ಕ್ಲಾಸು, ಅಂದರೆ ವಿವರ ತುಂಬುವ ಅಚ್ಚು, ನೇಕಾರನಿಗೊಂದು ಕ್ಲಾಸು ಎಂದು ಜಾವಾ ಪ್ರೋಗ್ರಾಮನ್ನು ತಾನೇ ಬರೆದು ಮುಂದಿಡುತ್ತದೆ. ನಾನು ವಾರವೆಲ್ಲ ಕೂತು ಬರೆಯುವುದನ್ನು ಅದು ಟೀ ಕುಡಿದು ಬರುವಷ್ಟರಲ್ಲಿ ಮುಗಿಸುತ್ತದೆ. ನನಗೆ ಅದರ ಮೇಲೆ ಪ್ರೀತಿಯೇ ಹುಟ್ಟಿಬಿಟ್ಟಿದೆ. ಅಷ್ಟು ಅಚ್ಚುಕಟ್ಟಾದ ಕೆಲಸಕ್ಕೆ ಈ ಜನ ತಂದು ಸುರಿಯುವುದು ‘ಮತ್ತು ಮನೆಯವರು’.

ಇದೆಲ್ಲ ಹೊರದೇಶದ ಒಂದು ಅಂಗಡಿಗಾಗಿ. ಇಲ್ಲಿಂದ ಹೋಗುವ ಪ್ರತಿ ಪಂಚೆಯ ಮೇಲೂ ನೇಯ್ದವರ ಹೆಸರಿನ ಚೀಟಿ ಬೇಕಂತೆ ಅವರಿಗೆ. ಸಂಘದವರೂ ಇನ್ನು ಮುಂದೆ ಇದೇ ಫೈಲ್ ನೋಡಿ ಯಾರು ನೇಕಾರರು, ಯಾವ ಮಗ್ಗ ಯಾರ ಮನೆಯಲ್ಲಿರಬೇಕು ಎಂದು ತೀರ್ಮಾನ ಮಾಡುತ್ತಾರಂತೆ. ಅಂಥ ಕೆಲಸದಲ್ಲಿ ಇಷ್ಟು ಬೇಜವಾಬ್ದಾರಿ.

17 ಜೂನ್, ಗುರುವಾರ

ಮುಗಿಯಿತು. ‘ಮತ್ತು’ ಎಲ್ಲಿ ಬರುತ್ತದೋ ಅಲ್ಲಿಂದಾಚೆಗೆ ಇರುವುದನ್ನೆಲ್ಲ ಕತ್ತರಿಸುವ ಪುಟ್ಟ ಪ್ರೋಗ್ರಾಮೊಂದನ್ನು ಬರೆದೆ. ಈಗ ಒಂದು ಮಗ್ಗ, ಒಬ್ಬ ನೇಕಾರ. ಪರೀಕ್ಷೆಗೆ ಹಾಕಿದರೆ ಒಂದೂ ತಪ್ಪಿಲ್ಲ.

ಪಕ್ಕದ ಮೇಜಿನ ಅಶ್ವತ್ಥ್ ಎಂದಿನ ಹಾಗೆ ರಾಗ ಎಳೆದ. “ಚೆನ್ನೈನೋರ‍್ನ ಒಂದ್ಸಲ ಕೇಳ್ಬುಡಾಣ ಗಂಗಾ. ಇಷ್ಟೊಂದು ಜನ ಎಲ್ಲಾ ಒಂದೇ ತರ ತಪ್ಪು ಬರೀತಾರಾ?”

ಬರೆಯುತ್ತಾರೆ! ನಮ್ಮ ಜನ ಅಲ್ಲವೇ? ಬಾಸ್ ಗೋವಿಂದರಾಜ್ ಸಾರ್ ಮಾತ್ರ ಬೆನ್ನು ತಟ್ಟಿ, “ಇದ್ರೆ ಇಂಗಿರ‍್ಬೇಕು ಕೆಲ್ಸ” ಅಂದರು. ಅವರು ಧರ್ಮಪುರಿ ಕಡೆಯವರು, ಸಂತೋಷವಾದಾಗ ಮಾತ್ರ ಅಪ್ಪಟ ಕನ್ನಡ ಬರುತ್ತದೆ.

ಮನೆಯಲ್ಲಿ ಹೇಳಿದರೆ ಅಲ್ಲೂ ಕಿರಿಕಿರಿ. ಮನೆ ಅಂದರೆ ದೊಡ್ಡಮ್ಮನ ಮನೆ. ಸೇಲಂನಲ್ಲಿ ಹಾಸ್ಟೆಲ್ ಸರಿಹೋಗದೆ ಎಡಪ್ಪಾಡಿಗೆ ಬಂದು ಸೇರಿಕೊಂಡಿದ್ದೇನೆ. ದೊಡ್ಡಪ್ಪ ಊಟದ ನಡುವೆ, “ನಮ್ ಮಗ್ಗಕ್ಕೆ ಯಾರ್ ಪೇರು ಆಕ್ದೆ?” ಎಂದು ಕೇಳಿದರು.

“ನಿಮ್ಮದೇ. ಚಿಕ್ಕಣ್ಣ.”

“ಇವ್ಳುದು?”

“ಒಂದೇ ಹೆಸರು ಹಿಡಿಯೋದು ದೊಡ್ಡಪ್ಪ.”

“ಅಂಚು ಇವ್ಳುದಲ್ವಾ?” ಎಂದರು, ಏನೋ ದೊಡ್ಡ ಅನ್ಯಾಯವಾದ ಹಾಗೆ.

ದೊಡ್ಡಮ್ಮನೇ ನಕ್ಕು, “ಬುಡಿ ಅತ್ಲಾಗಿ. ಈ ವಳ್ಳಿಯಮ್ಮನ ಪೇರು ಕಂಪ್ಯೂಟರ‍್ಗೆ ಯಾಕೆ? ಅದೇನು ಬಂದು ಸಾಂಬಾರ್ ಕೇಳ್ತದಾ?” ಅಂದಳು.

ಅವಳಿಗೇ ಬೇಡದ್ದು ಇವರಿಗೇಕೆ? ದೊಡ್ಡಮ್ಮ ಮಗ್ಗದ ಬಲಗಡೆ ಕೂರುತ್ತಾಳೆ, ನಿಜ. ಅಂಚಿನ ಲಾಳಿ ದಾಟಿಸಿ ಕೊಡುತ್ತಾಳೆ. ಡ್ರೈವರ್ ಜೊತೆ ಕಂಡಕ್ಟರ್ ಇದ್ದಾನೆ ಎಂದು ಬಸ್ಸನ್ನು ಇಬ್ಬರು ಓಡಿಸುತ್ತಾರೆ ಅನ್ನಲಾಗುತ್ತದೆಯೇ? ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಿತ್ತು.

30 ಜೂನ್, ಬುಧವಾರ

ಅಶ್ವತ್ಥ್ ಇವತ್ತು ಅತ್ತೇಬಿಡುತ್ತಾನೆ ಅಂದುಕೊಂಡೆ. ಟೂಲ್ ಬರೆದುಕೊಟ್ಟ ಕ್ಲಾಸುಗಳಲ್ಲಿ ಈ ಮಹಾರಾಯ ತನ್ನ ಕೈಚಳಕ ತೋರಿಸಿ ಏನೇನೋ ಸೇರಿಸಿದ್ದ. ಚೆನ್ನೈನಿಂದ ಸ್ಕೀಮಾದ ಹೊಸ ಪ್ರತಿ ಬಂತು. ಟೂಲ್ ಮತ್ತೆ ಓಡಿಸಿದ. ಹಳೆಯ ಕ್ಲಾಸುಗಳ ಮೇಲೆ ಹೊಸವು ಬಂದು ಕೂತವು, ಇವನ ಕೈಚಳಕವೆಲ್ಲ ಹೊಳೆಯಲ್ಲಿ ಹುಣಸೆ ತೊಳೆದ ಹಾಗಾಯಿತು.

ಪ್ರತಿ ಫೈಲಿನ ನೆತ್ತಿಯ ಮೇಲೆ ‘ಇದು ಯಂತ್ರ ಬರೆದದ್ದು, ಕೈಯಿಂದ ತಿದ್ದಬೇಡಿ’ ಎಂದು ಇದೆ. ಓದಲು ಬರುವುದಿಲ್ಲವೇ? ಬದಲಾಯಿಸುವುದಿದ್ದರೆ ಸ್ಕೀಮಾವನ್ನೇ ಬದಲಾಯಿಸಬೇಕು, ಆಗ ಕ್ಲಾಸುಗಳು ತಾವೇ ಬದಲಾಗುತ್ತವೆ. ಚೆನ್ನೈನವರೂ ನಾವೂ ಒಂದೇ ಸ್ಕೀಮಾ ಇಟ್ಟುಕೊಂಡಿದ್ದೇವೆ. ಊರುಗಳ ಹೆಸರು ಸೇರಿಸಲೆಂದು ಅದನ್ನು ತಿದ್ದುವ ಪಾಸ್‌ವರ್ಡ್ ಇರುವುದು ಇಲ್ಲಿ ನನ್ನೊಬ್ಬಳ ಹತ್ತಿರ. ಅಂಥದ್ದನ್ನು ಅಶ್ವತ್ಥನ ಕೈಗೆ ಯಾರು ಕೊಡುತ್ತಾರೆ?

ಬೆಳಗಾಗುವ ಮೊದಲೇ ಮನೆಯಲ್ಲಿ ಮಗ್ಗದ ಸದ್ದು ಶುರು. ಒಂದು ಭಾನುವಾರವಾದರೂ ಮನುಷ್ಯರು ಮಲಗುವುದು ಬೇಡವೇ?

9 ಜುಲೈ, ಶುಕ್ರವಾರ

ಮಂಗಳವಾರ ದೊಡ್ಡಪ್ಪ ಹೋದರು. ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯಿಂದ ಏಳಲು ಹೋದವರು ಏಳಲಿಲ್ಲ. ಸೇಲಂ ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು.

ಇವತ್ತು ಬೆಳಿಗ್ಗೆ ಸದ್ದಿರಲಿಲ್ಲ. ನನಗೆ ಎಚ್ಚರವೇ ಆಗಲಿಲ್ಲ.

23 ಜುಲೈ, ಶುಕ್ರವಾರ

ಆ ಪಳನಿಸ್ವಾಮಿಗೆ ನಾಲಿಗೆ ಹೇಗೆ ಬಂತು! ಕಾರ್ಯ ಮುಗಿದು ನೆಂಟರು ಹೋದರೋ ಇಲ್ಲವೋ, ಸಂಘದ ಕಾರ್ಯದರ್ಶಿ ಬಾಗಿಲಲ್ಲಿ ನಿಂತಿದ್ದಾರೆ. ಮಗ್ಗ ಸಂಘದ್ದು, ಮನೆ ಮಾತ್ರ ದೊಡ್ಡಮ್ಮನದು. ಈ ಮನೆಯಲ್ಲಿ ಈಗ ನೇಕಾರ ಇಲ್ಲದ್ದರಿಂದ ಮಗ್ಗವನ್ನು ಬಿಚ್ಚಿ ಬೇರೆಯವರ ಮನೆಗೆ ಹಾಕಬೇಕಂತೆ.

“ನಾನಿದ್ದೀನಲ್ಲಾ” ಅಂದಳು ದೊಡ್ಡಮ್ಮ.

“ನೀವು ಅಂಚಿನ ಪಕ್ಕ ಕೂತಿದ್ದೋರು ವಳ್ಳಿಯಮ್ಮ. ನೆಯ್ದಿದ್ದು ಅವರು. ನಾನ್ ಎನ್ನ ಪಣ್ಣಟ್ಟುಂ? ಕಂಪ್ಯೂಟರ್‌ಲ ಅಪ್ಪಡಿ ತಾನ್ ಇರುಕ್ಕು.”

ಕಂಪ್ಯೂಟರಿನಲ್ಲಿ ಹಾಗೇ ಇದೆಯಂತೆ, ಅವರೇನು ಮಾಡಲಾಗುತ್ತದೆಯಂತೆ! ನನಗೆ ಮೈಯೆಲ್ಲ ಉರಿಯಿತು. ಕಂಪ್ಯೂಟರಿಗೆ ಬಾಯಿದೆಯೇ? ಅದು ಬಂದು ಇವಳನ್ನು ನೋಡಿತೇ? ಇಷ್ಟು ವರ್ಷ ಇದೇ ಮನೆಗೆ ಬಂದು, ಇವಳ ಕೈಯ ಕಾಫಿ ಕುಡಿದು, ಇಬ್ಬರೂ ಮಗ್ಗದ ಮೇಲಿರುವುದನ್ನು ಕಣ್ಣಾರೆ ಕಂಡ ಮನುಷ್ಯ, ಈಗ ಒಂದು ಪ್ರಿಂಟೌಟ್ ನೋಡಿ ಮಾತಾಡುವುದೇ?

ಆಡಿ ತಿಂಗಳಲ್ಲಿ, ಆಷಾಢದ ಹಾಗೆ, ಯಾರೂ ಹೊಸ ಮನೆಯಲ್ಲಿ ಮಗ್ಗ ಹೂಡುವುದಿಲ್ಲ. ಅದಕ್ಕೇ ಆಡಿ ಮುಗಿಯುವವರೆಗೆ ಇರಲಿ ಎಂದು ದೊಡ್ಡ ಉಪಕಾರ ಮಾಡಿದವರ ಹಾಗೆ ಹೇಳಿ ಹೋದರು. ಮುಂದಿನ ತಿಂಗಳು ಆವಣಿ ಹುಟ್ಟಿದ ಮೇಲೆ ಬಿಚ್ಚುತ್ತಾರೆ.

ದೊಡ್ಡಮ್ಮನಿಗೆ ಮಕ್ಕಳಿಲ್ಲ. ಕಂಬೈನಲ್ಲೂರಿಗೆ ನಮ್ಮ ಮನೆಗೆ ಬಾ ಅಂದರೆ, “ತಂಗಿ ಮನೆ ಮೂಲೇಲಿ ಕೂತ್ಕಂಡು ಏನ್ ಮಾಡ್ಲೇ? ಏರ್ಕಾಡಿಗೆ ಓಗಿ ಎಸ್ಟೇಟ್ನಾಗೆ ಕಾಪಿ ಬಿಡಿಸ್ತೀನಿ” ಅನ್ನುತ್ತಾಳೆ. ಗುಂಡಿಯ ಮಗ್ಗದಲ್ಲಿ ಕೂತು ಸೊಂಟ ಬಿದ್ದವಳು ಬೆಟ್ಟ ಹತ್ತುತ್ತಾಳಂತೆ. ಅವಳ ಮೇಲೂ ಸಿಟ್ಟು ಬರುತ್ತಿದೆ.

27 ಜುಲೈ, ಮಂಗಳವಾರ

ಆಫೀಸಿನಲ್ಲಿ ಹುಡುಕಿದೆ. ನಾವು ಮೊದಲು ಟೈಪ್ ಮಾಡಿದ ಫೈಲಿನಲ್ಲಿ ‘ಚಿಕ್ಕಣ್ಣ ಮತ್ತು ವಳ್ಳಿಯಮ್ಮ’ ಎಂದೇ ಇದೆ. ಸಂಘದವರೇ ಬರೆದುಕೊಟ್ಟದ್ದು! ತಾವೇ ಕೊಟ್ಟ ಹೆಸರು ಈಗ ಅವರಿಗೇ ನೆನಪಿಲ್ಲ. ನಡುವೆ ನನ್ನ ಪ್ರೋಗ್ರಾಮು ಸ್ಕೀಮಾ ಹೇಳಿದಂತೆ ನಡೆದುಕೊಂಡಿತು, ಅದರದೇನೂ ಇಲ್ಲ. ಆ ಸ್ಕೀಮಾ ಬರೆದವನನ್ನು ಕೇಳಬೇಕು. ಹವಾನಿಯಂತ್ರಿತ ಕೋಣೆಯಲ್ಲಿ ಕೂತು, ಒಂದು ಮಗ್ಗವನ್ನೂ ಜನ್ಮದಲ್ಲಿ ನೋಡದೆ, ಒಬ್ಬ ನೇಕಾರ ಎಂದು ಬರೆದುಬಿಟ್ಟನಲ್ಲ, ಅವನ ಅಹಂಕಾರ ಎಷ್ಟಿರಬೇಕು?

ಇಮೇಲ್ ಕಳಿಸಿ ಕೇಳಿದೆ. ಉತ್ತರ ಬಂತು. ಒಂದು ಮಗ್ಗಕ್ಕೆ ಒಬ್ಬ ನೇಕಾರ ಎಂದು ಮೊದಲೇ ಒಪ್ಪಿಕೊಂಡಾಗಿದೆಯಂತೆ, ಮಿಕ್ಕವರು ಸಹಾಯಕರಂತೆ, ಸಹಾಯಕರಿಗೆ ಜಾಗವಿಲ್ಲವಂತೆ. ಕೊನೆಯಲ್ಲಿ ‘ನಿಮ್ಮ ಸಹಕಾರಕ್ಕೆ ವಂದನೆ’.

ಗೋವಿಂದರಾಜ್ ಸಾರ್ ಹತ್ತಿರ ಹೋದೆ. “ಅಮ್ಮಾ ಗಂಗಾಲಕ್ಷ್ಮಿ, ನಮ್ದು ಟೈಪ್ ಮಾಡಿ ಕಳ್ಸೋ ವೇಲೆ. ಊರು ಉದ್ಧಾರ ಮಾಡೋದಲ್ಲ” ಅಂದರು. ಆವತ್ತಿನ ‘ಕೆಲ್ಸ’ ಇವತ್ತು ತಮಿಳಿನ ‘ವೇಲೆ’ಯಾಯಿತು. ಬೆನ್ನು ತಟ್ಟಿದ ಕೈಯಲ್ಲೇ ಬಾಗಿಲು ತೋರಿಸಿದರು.

30 ಜುಲೈ, ಶುಕ್ರವಾರ

ಪರೀಕ್ಷೆಗೆ ಹಾಕದೆ, ದೊಡ್ಡಮ್ಮನ ಮಗ್ಗಕ್ಕೆ ಎರಡು ಹೆಸರು ಹಾಕಿ ಫೈಲನ್ನು ಮೋಡೆಮ್‌ನಲ್ಲಿ ಚೆನ್ನೈಗೆ ಕಳಿಸಿದೆ. ಜಗಳವಾಗಲಿ ಎಂದೇ ಕಳಿಸಿದೆ. ‘ತಪ್ಪಿದೆ’ ಎಂದು ಅವರ ಕಡೆಯಿಂದ ಎಚ್ಚರಿಕೆ ಬರುತ್ತದೆ, ಆಗ ಮಾತು ತೆಗೆಯೋಣ ಅಂದುಕೊಂಡಿದ್ದೆ.

ಏನೂ ಬರಲಿಲ್ಲ. ಫೈಲ್ ಅಲ್ಲಿ ಹೊಕ್ಕು ಹೊರಬಂತು, ನೋಡಿದರೆ ಚಿಕ್ಕಣ್ಣ ಒಬ್ಬರೇ ಇದ್ದಾರೆ. ಕೆದಕಿ ಹುಡುಕಿದ ಮೇಲೆ ಗೊತ್ತಾಯಿತು. ನಾವು ಇಲ್ಲಿ ಪರೀಕ್ಷೆ ಮಾಡಿಯೇ ಕಳಿಸುತ್ತೇವೆಂದು ಅವರು ಅಲ್ಲಿ ಪರೀಕ್ಷೆಯನ್ನೇ ನಿಲ್ಲಿಸಿಟ್ಟಿದ್ದಾರೆ. ಮಗ್ಗದ ಕ್ಲಾಸಿನಲ್ಲಿ ಒಬ್ಬರಿಗೆ ಜಾಗ ಇದೆ, ಒಬ್ಬರನ್ನು ಕೂರಿಸಿಕೊಳ್ಳುತ್ತದೆ, ಎರಡನೆಯವರು ಬಂದರೆ ತುಟಿ ಪಿಟಕ್ಕೆನ್ನದೆ ಬಿಟ್ಟುಬಿಡುತ್ತದೆ. ಮತ್ತೆ ಬರೆದಾಗ ಅವರು ಇರುವುದೇ ಇಲ್ಲ.

‘ಆಗದು’ ಎಂದಾದರೂ ಹೇಳಬಾರದೇ? ಬೈದು ಕಳಿಸುವುದಕ್ಕಾದರೂ ಎದುರಿಗೆ ಒಬ್ಬ ಮನುಷ್ಯ ಇದ್ದಾನೆ ಎಂದು ಒಪ್ಪಿಕೊಂಡಿರಬೇಕು. ಇದು ನೋಡುವುದೇ ಇಲ್ಲ. ಇಂಥ ದರಿದ್ರ ಟೂಲನ್ನು ಯಾರು ಹೊಗಳುತ್ತಾರೋ ಕಾಣೆ.

3 ಆಗಸ್ಟ್, ಮಂಗಳವಾರ

ಆಡಿ ಹದಿನೆಂಟು. ಆಫೀಸಿಗೆ ರಜೆ. ಊರೆಲ್ಲ ಹೊಳೆಪೂಜೆಗೆಂದು ಕಾವೇರಿಗೆ ಹೋಗಿದೆ. ಸಾವಾದ ಮನೆ, ನಾವು ಹೋಗುವ ಹಾಗಿಲ್ಲ.

ಮಧ್ಯಾಹ್ನ ಮಗ್ಗದ ಸದ್ದು ಕೇಳಿ ಒಳಗೆ ಹೋದೆ. ದೊಡ್ಡಮ್ಮ ಗುಂಡಿಯಲ್ಲಿ ದೊಡ್ಡಪ್ಪನ ಜಾಗದಲ್ಲಿ ಕೂತಿದ್ದಳು. ಕಾಲಲ್ಲಿ ತುಳಿದು, ನಡುವಿನ ಲಾಳಿ ಹೊಡೆದು, ಆಮೇಲೆ ಗುಂಡಿಯಿಂದ ಕೈಯೂರಿ ಎದ್ದು, ಸುತ್ತು ಬಂದು, ಬಲಗಡೆ ಬಗ್ಗಿ ಅಂಚಿನ ಲಾಳಿ ದಾಟಿಸಿ, ಮತ್ತೆ ಹೋಗಿ ಗುಂಡಿಗೆ ಇಳಿಯುತ್ತಿದ್ದಳು. ಒಂದೊಂದು ಎಳೆಗೂ ಹೀಗೆ. ದೊಡ್ಡಪ್ಪ ಬಿಟ್ಟುಹೋದ ಪಂಚೆ ಮುಗಿಸಬೇಕಂತೆ.

“ನಿಂಗೇನು ಹುಚ್ಚಾ?” ಎಂದು ಕೂಗಿದೆ.

“ಕೂಗೋ ಬದ್ಲು ಇಲ್ಲಿ ಬಂದು ಕೂತ್ಕ. ನಾ ಬುಡು ಅಂದ್ರೆ ಲಾಳಿ ಬುಡು, ಅಷ್ಟೇಯ.”

ಅಷ್ಟೇ ಅಂತೆ! ನಡುವಿನ ನೂಲು ಬಂದು ನಿಲ್ಲುವ ಜಾಗದಲ್ಲೇ ಅಂಚಿನ ನೂಲು ಅದನ್ನು ಕೊಕ್ಕೆ ಹಾಕಿಕೊಂಡು ತಿರುಗಬೇಕು. ತುಸು ಬೇಗ ಬಿಟ್ಟರೆ ಅಂಚು ಬಾಯಿ ಬಿಡುತ್ತದೆ, ತುಸು ಎಳೆದರೆ ಬಟ್ಟೆಯೇ ಸುಕ್ಕು. ಎರಡು ಸಲ ನೂಲು ಕಡಿದೆ. ದೊಡ್ಡಮ್ಮ ಗಂಟು ಹಾಕಿದಳು. ಸಂಜೆಯ ಹೊತ್ತಿಗೆ ನನ್ನ ಅಂಗೈಯಷ್ಟೂ ಆಗಿರಲಿಲ್ಲ. ಕುತ್ತಿಗೆ ಹಿಡಿದುಕೊಂಡಿದೆ, ಬೆರಳು ಉರಿಯುತ್ತಿದೆ.

ಇದನ್ನು ‘ಪಕ್ಕ ಕೂರುವುದು’ ಎಂದು ಕರೆದವರು ಯಾರು? ಅವರನ್ನು ಇಲ್ಲಿ ಒಂದು ಮಧ್ಯಾಹ್ನ ಕೂರಿಸಬೇಕು. ಕೂರಿಸಿ ಆಮೇಲೆ ಕೇಳಬೇಕು, ಸಹಾಯಕರು ಅಂದರೆ ಯಾರು ಎಂದು.

8 ಆಗಸ್ಟ್, ಭಾನುವಾರ

ಮಗ್ಗದ ಎರಡನೆಯವರ ಹೆಸರು ಕೇಳುತ್ತ ಬಿಸಿಲಲ್ಲಿ ಮನೆಮನೆ ಅಲೆದು ಬಂದೆ. ಇನ್ನೂ ಅರ್ಧ ಎಡಪ್ಪಾಡಿ ಉಳಿದಿದೆ.

ಮುತ್ತುಸ್ವಾಮಿಯ ‘ಮನೆಯವರಿಗೆ’ ಮುನಿಲಕ್ಷ್ಮಮ್ಮ ಎಂದು ಹೆಸರಿದೆ. ಹೆಸರು ಕೇಳಿದರೆ ನಾಚಿಕೊಂಡು, “ಅವರ ಪೇರೇ ಬರ‍್ಕಳಮ್ಮ” ಅಂದರು. ಅವರ ಹೆಸರು ಇದೆ, ನಿಮ್ಮದು ಹೇಳಿ ಎಂದು ಗದರಿಸಿ ಹೇಳಿಸಬೇಕಾಯಿತು. ಮಗ್ಗಕ್ಕೆ ಕೂತು ಅವರ ಬೆರಳ ತುದಿ ಸವೆದುಹೋಗಿದೆ. ಪೆರುಮಾಳ್ ಮನೆಯ ಕಾಳಿಯಮ್ಮ ಮಾತ್ರ ಅಪ್ಪನ ಊರು ಸಮೇತ ಹೇಳಿ, ಸರಿಯಾಗಿ ಬರೆದೆನೇ ಎಂದು ಮತ್ತೆ ಓದಿಸಿದರು. ಎಲ್ಲರೂ ಹಾಗಿರಬೇಕು.

ಈ ಕೆಲಸವನ್ನು ಆಫೀಸಿನವರು ಮೊದಲೇ ಮಾಡಬೇಕಿತ್ತು. ಯಾರಿಗೂ ಹೊಳೆಯಲೇ ಇಲ್ಲವಲ್ಲ!

11 ಆಗಸ್ಟ್, ಬುಧವಾರ

ತಿದ್ದಿದೆ. ಕ್ಲಾಸುಗಳನ್ನಲ್ಲ, ಸ್ಕೀಮಾವನ್ನೇ.

ಒಂದು ಗುರುತು, ಅಷ್ಟೆ. ‘ನೇಕಾರ’ ಎಂಬುದರ ಪಕ್ಕ ಒಂದು ಪ್ಲಸ್. ಒಬ್ಬರು ಇರಲೇಬೇಕು, ಹೆಚ್ಚು ಜನ ಇದ್ದರೂ ಇರಬಹುದು ಎಂದು ಅದರ ಅರ್ಥ. ಟೂಲ್ ಓಡಿಸಿದೆ. ಹೊಸ ಕ್ಲಾಸುಗಳು ಬಂದವು. ಮೊದಲು ಮಗ್ಗವನ್ನು ಕೇಳಿದರೆ ‘ನೇಕಾರ’ನನ್ನು ಕೊಡುತ್ತಿತ್ತು. ಈಗ ‘ನೇಕಾರರು’ ಎಂದು ಗುಂಪನ್ನೇ ಕೊಡುತ್ತದೆ. ಹೀಗಾಗಿ ‘ಆ ನೇಕಾರ’ ಎಂದು ಒಬ್ಬನನ್ನೇ ನೆಚ್ಚಿಕೊಂಡು ಬರೆದ ಪ್ರೋಗ್ರಾಮುಗಳೆಲ್ಲ ಮುರಿದು ಬಿದ್ದವು. ಮೂರು ಗಂಡುಮಕ್ಕಳಿರುವ ಮನೆಯಲ್ಲಿ ‘ಮಗನನ್ನು ಕರೀರಿ’ ಅಂದರೆ ‘ಯಾವ ಮಗ?’ ಎಂದು ಕೇಳುತ್ತಾರಲ್ಲ, ಹಾಗೆ ಒಂದೊಂದು ಸಾಲೂ ನಿಂತು ಕೇಳುತ್ತಿದೆ, ಯಾವ ನೇಕಾರ? ಕಂಪೈಲೇ ಆಗುವುದಿಲ್ಲ, ಪ್ರೋಗ್ರಾಮು ಏಳುವುದೇ ಇಲ್ಲ.

ಅಶ್ವತ್ಥ್ ಪರದೆ ನೋಡಿ ಬೆಚ್ಚಿದ. “ಏನ್ ಮಾಡ್ಬುಟ್ಟೆ? ಚೆನ್ನೈನಾಗೂ ಇಂಗೇ ಆಗ್ತದೆ! ಅವ್ರುದು ಎಲ್ಲಾ ನಿಂತೋಗ್ತದೆ!”

“ನಿಲ್ಲಲಿ ಅಂತಾನೇ ಮಾಡಿದ್ದು. ಸದ್ದಿಲ್ಲದೆ ಹೆಸರು ನುಂಗ್ತಾ ಇದ್ದರಲ್ಲ, ಈಗ ನುಂಗಲಿ ನೋಡೋಣ.”

ಅವನು ತಲೆ ಕೆರೆದುಕೊಂಡ. ಆಮೇಲೆ ಕುರ್ಚಿ ಎಳೆದುಕೊಂಡು ಬಂದು, ನಮ್ಮ ಕಡೆಯ ಪ್ರೋಗ್ರಾಮುಗಳನ್ನು ಇಬ್ಬರು ನೇಕಾರರಿಗೆ ಸರಿಯಾಗುವಂತೆ ತಿದ್ದಲು ಶುರು ಮಾಡಿದ. ನಾನು ಕೇಳಿರಲೂ ಇಲ್ಲ. ಅವನ ಬಗ್ಗೆ ಆಫೀಸಿನಲ್ಲಿ ಎಲ್ಲರೂ ಹಗುರಾಗಿ ಮಾತಾಡುತ್ತಾರೆ, ಅದು ಸರಿಯಲ್ಲ.

‘ಮತ್ತು’ ಕತ್ತರಿಸುವ ಪ್ರೋಗ್ರಾಮನ್ನು ಅಳಿಸಿ ಹಾಕಿದೆ. ಎಡಪ್ಪಾಡಿಯಲ್ಲಿ ಸಿಕ್ಕಿದಷ್ಟು ಹೆಸರುಗಳನ್ನೆಲ್ಲ ಸೇರಿಸಿದೆ. ಸ್ಕೀಮಾವನ್ನು ಚೆನ್ನೈನವರು ತೆಗೆದುಕೊಳ್ಳುವ ಜಾಗದಲ್ಲಿಟ್ಟು ಮನೆಗೆ ಬಂದೆ. ದಾರಿಯಲ್ಲಿ ಬಸ್ಸಿನ ಟಿಕೆಟ್ಟನ್ನು ಚೂರುಚೂರು ಮಾಡಿದ್ದೆ. ಸಿಟ್ಟಿಗೆ ಇರಬೇಕು.

13 ಆಗಸ್ಟ್, ಶುಕ್ರವಾರ

ನಿನ್ನೆಯೆಲ್ಲ ಫೋನ್ ಬಡಿದುಕೊಂಡಿದ್ದೇ ಬಡಿದುಕೊಂಡಿದ್ದು. ಚೆನ್ನೈನಲ್ಲಿ ಒಂದೂ ಪ್ರೋಗ್ರಾಮ್ ಏಳುತ್ತಿಲ್ಲ. ಚೀಟಿ ಅಚ್ಚಾಗುತ್ತಿಲ್ಲ. ಗೋವಿಂದರಾಜ್ ಸಾರ್ ನನ್ನ ಮೇಜಿನ ಮುಂದೆ ನಿಂತು ಅಪ್ಪಟ ತಮಿಳಿನಲ್ಲಿ ಬೈದರು. ಪ್ಲಸ್ ತೆಗಿ ಅಂದರು. ತೆಗೆಯಲ್ಲ ಅಂದೆ. ಪಾಸ್‌ವರ್ಡ್ ಕೊಡು ಅಂದರು. ಕೊಟ್ಟೆ. ಅಶ್ವತ್ಥನಿಗೆ ಕೊಟ್ಟರು. ಅವನು, “ಸಾರ್, ಎರಡನೇ ಪೇರೆಲ್ಲ ಓಗ್ಬುಡ್ತದೆ. ಸಂಘದೋರ‍್ನ ಒಂದ್ ಮಾತು ಕೇಳಿ ತೆಗೀಲಾ?” ಎಂದು ಕೀಬೋರ್ಡಿನ ಮೇಲಿಂದ ಕೈ ತೆಗೆದು ಕೂತ.

ಅಷ್ಟರಲ್ಲಿ ಚೆನ್ನೈನ ಪ್ರೋಗ್ರಾಮರ್ ಒಬ್ಬ ಸಂಘಕ್ಕೇ ಫೋನ್ ಮಾಡಿದ್ದ. ಅವನಿಗೆ ನ್ಯಾಯ ಅನ್ಯಾಯ ಬೇಕಿರಲಿಲ್ಲ. ಮುರಿದ ಸಾಲಿನಲ್ಲಿ ಏನು ಬರೆಯಬೇಕು ಎಂಬುದಷ್ಟೇ ಬೇಕಿತ್ತು. ಒಂದು ಮಗ್ಗದಲ್ಲಿ ಇಬ್ಬರು ಇರಲು ಸಾಧ್ಯವೇ, ಇದ್ದರೆ ಚೀಟಿಯ ಮೇಲೆ ಯಾರ ಹೆಸರು ಹಾಕಲಿ ಎಂದು ಕೇಳಿದನಂತೆ. ಪಳನಿಸ್ವಾಮಿ, “ಅಂಚಿನ ಪಂಚೆಗೆ ಇಬ್ಬರು ಬೇಕೇ ಬೇಕು ಸಾರ್. ಒಬ್ಬರಿಂದ ಆಗೋ ವೇಲೆ ಅಲ್ಲ ಅದು” ಅಂದರಂತೆ. ಇಷ್ಟು ಸಲೀಸಾಗಿ! ಯಾರೂ ಕೇಳಿರಲಿಲ್ಲ, ಅದಕ್ಕೇ ಹೇಳಿರಲಿಲ್ಲವಂತೆ. ಹೊರದೇಶದ ಅಂಗಡಿಯವರೂ ‘ನೇಯ್ದವರೆಲ್ಲರ ಹೆಸರು’ ಎಂದೇ ಕೇಳಿದ್ದರಂತೆ, ಈಗ ತೆಗೆದು ನೋಡಿದರೆ.

ಪ್ಲಸ್ ಉಳಿಯಿತು. ಇವತ್ತು ಬೆಳಿಗ್ಗೆ ಸಾರ್ ನನ್ನನ್ನು ಕರೆದು, ಸೋಮವಾರದಿಂದ ಬರಬೇಡ ಅಂದರು. ತಪ್ಪು ಮಾಡಿದ್ದಕ್ಕಲ್ಲವಂತೆ, ಕೇಳದೆ ಮಾಡಿದ್ದಕ್ಕಂತೆ. ಕೇಳಿದ್ದೆನಲ್ಲ! ಬಾಗಿಲು ತೋರಿಸಿದ್ದು ಮರೆತೇಹೋಯಿತೇ? ಅಶ್ವತ್ಥ್ ಬಸ್‌ಸ್ಟ್ಯಾಂಡಿನವರೆಗೆ ಬಂದ. ನಾಲ್ಕು ಕಂಪನಿಯ ಹೆಸರು ಹೇಳಿದ, ವಿಚಾರಿಸುತ್ತೇನೆ ಅಂದ. ನಾನು ಬಸ್ಸಿನಲ್ಲಿ ತಾರಮಂಗಲದವರೆಗೂ ಅತ್ತೆ. ಆಮೇಲೆ ಸಿಟ್ಟು ಬಂದು ನಿಲ್ಲಿಸಿದೆ.

19 ಆಗಸ್ಟ್, ಗುರುವಾರ

ಆವಣಿ ಹುಟ್ಟಿತು. ಹುಟ್ಟಿದ ಬೆನ್ನಿಗೇ ಪಳನಿಸ್ವಾಮಿ ಬಂದರು.

ದೊಡ್ಡಮ್ಮ ಮಗ್ಗದ ಮೇಲಿನ ಧೂಳು ಒರೆಸುತ್ತಿದ್ದಳು. ಕಳಿಸಿಕೊಡುವ ಹೆಣ್ಣಿಗೆ ತಲೆ ಬಾಚುವ ಹಾಗೆ ನೂಲೆಲ್ಲ ನೀವಿ ಇಟ್ಟಿದ್ದಳು.

“ಬಿಚ್ಚೋಕೆ ಬರ್ಲಿಲ್ಲಮ್ಮ” ಅಂದರು ಅವರು. “ಫೈಲ್‌ಲ ಈಗ ವಳ್ಳಿಯಮ್ಮ ಪೇರು ಇರುಕ್ಕು. ಮಗ್ಗ ನಿಮ್ಮದೇ. ಆದ್ರೆ ಇದು ಅಂಚಿನ ಮಗ್ಗ. ಇಬ್ಬರು ಬೇಕು ಅಂತ ನಾನೇ ಫೋನ್‌ಲ ಹೇಳ್ದೆ. ಒಬ್ಬರೇ ಇರೋ ಮನೆಗೆ ಅಂಚಿನ ನೂಲು ಹೇಗೆ ಕೊಡ್ಲಿ? ಇನ್ನೊಬ್ಬರು ಯಾರು?”

ಎಂಥ ಜನ! ಎರಡು ತಿಂಗಳ ಹಿಂದೆ ಇಬ್ಬರಿದ್ದ ಕಡೆ ಒಬ್ಬರೇ ಸಾಕಾಗಿತ್ತು. ಈಗ ಒಬ್ಬಳು ಉಳಿದಿರುವಾಗ ಇಬ್ಬರು ಬೇಕು. ದೊಡ್ಡಮ್ಮ ಧೂಳು ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದಳು. ನನ್ನ ಕಡೆ ನೋಡಲಿಲ್ಲ. ನೋಡಬಾರದು ಎಂದೇ ಗೋಡೆ ನೋಡಿದಳು.

“ನನ್ನ ಹೆಸರು ಬರ್ಕಳಿ” ಅಂದೆ.

“ನೀವು ಕಂಪ್ಯೂಟರ್ ಓದಿದೋರಮ್ಮಾ.”

“ಅದಕ್ಕೇನು? ಕೈ ಇಲ್ವಾ ನಂಗೆ? ಆ ಪಂಚೆ ಮುಗಿಸಿದ್ದು ಯಾರು ಅಂದ್ಕೊಂಡ್ರಿ?”

ನಿಜ, ಆ ಪಂಚೆ ಮೊನ್ನೆ ಮುಗಿಯಿತು. ಅಂಚಿನಲ್ಲಿ ಎಲ್ಲಿ ದೊಡ್ಡಮ್ಮ ಮುಗಿದು ಎಲ್ಲಿ ನಾನು ಶುರುವಾದೆ ಎಂದು ಕುರುಡರಿಗೂ ಗೊತ್ತಾಗುತ್ತದೆ, ಆದರೆ ಮುಗಿಯಿತು. ಪಳನಿಸ್ವಾಮಿ ಪೆನ್ನು ತೆಗೆದು ಬರೆದುಕೊಂಡರು. ಬಗ್ಗಿ ನೋಡಿದೆ. ‘ವಳ್ಳಿಯಮ್ಮ’. ಅದರ ಕೆಳಗೆ ‘ಗಂಗಾಲಕ್ಷ್ಮಿ’, ಪಕ್ಕದಲ್ಲಿ ತಮಿಳಿನಲ್ಲಿ ‘ಉದವಿ’. ಸಹಾಯ!

“ಹೊಡೆದು ಹಾಕಿ ಅದನ್ನ.”

“ಎನ್ನಮ್ಮಾ, ಹೆಸರು ಬರೆದಿದೀನಲ್ಲ, ಎಲ್ಲಾ ಒಂದೇ ತಾನೇ…”

“ಒಂದೇ ಆದ್ರೆ ನೇಯೋರು ಅಂತ ಬರೀರಿ! ಒಂದೇ ಅಲ್ವಾ, ಬರೀರಿ! ಅವಳು ನಡು ನೇಯ್ತಾಳೆ, ನಾನು ಅಂಚು ನೇಯ್ತೀನಿ. ಸಹಾಯ ಅಂದ್ರೆ ನೀರು ತಂದ್ಕೊಡೋದು. ನಾನ್ ನಿಮ್ಗೆ ನೀರು ತಂದ್ಕೊಟ್ನಾ?”

ಎಷ್ಟು ಜೋರಾಗಿ ಕೂಗಿದೆನೆಂದರೆ ಬೀದಿಯಲ್ಲಿ ಜನ ನಿಂತರು. ಕಾಳಿಯಮ್ಮ ಒಳಗೇ ಬಂದರು. ಪಳನಿಸ್ವಾಮಿ ನನ್ನನ್ನು ನೋಡಿದರು, ದೊಡ್ಡಮ್ಮನನ್ನು ನೋಡಿದರು, ‘ಉದವಿ’ಯನ್ನು ಎರಡು ಗೆರೆ ಎಳೆದು ಹೊಡೆದರು. ನೇಯುವವರು ಎಂದು ಬರೆದರು. ನಾನು ಓದಿ ನೋಡಿದ ಮೇಲೆಯೇ ಬಿಟ್ಟೆ.

ಅವರೆಲ್ಲ ಹೋದ ಮೇಲೂ ನಾನು ಗೊಣಗುತ್ತಲೇ ಇದ್ದೆ. ದೊಡ್ಡಮ್ಮ ಗುಂಡಿಗೆ ಕಾಲು ಇಳಿಬಿಟ್ಟು ಕೂತಳು. ಮಗ್ಗದ ಹಾಸುನೂಲಿನ ಮೇಲೆ ಕೈಯಾಡಿಸುತ್ತ, ಕೋಪವಿಲ್ಲದೆ, ಸುಮ್ಮನೆ ಹೇಳಿದಳು, “ನಂಗೋಸ್ಕರ ಯಾರೂ ಒಂದ್ ದಿನಾನೂ ಇಂಗೆ ಕೂಗಾಡ್ಲಿಲ್ಲ ಕಣೇ.”

ನಾನು ಲಾಳಿ ಕೈಗೆ ತೆಗೆದುಕೊಂಡೆ. ಹೋಗಿ ಅಂಚಿನ ಕಡೆ ಕೂತೆ.